ಧರೆ ಭದ್ರಪಡಿಸುವ ಸಾಯಿಲ್ ನೇಲಿಂಗ್ ಸೇವೆ: ಒಂದು ವಿಮರ್ಶೆ

ಕಟ್ಟಡದ ಹಿಂಬದಿಯ ಧರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಜಾರುತ್ತಿದ್ದುದರಿಂದ ಗುತ್ತಿಗೆ ಸಂಸ್ಥೆಯೊಂದರಿಂದ ಸಾಯಿಲ್ ನೇಲಿಂಗ್ (ಮಣ್ಣಿನೊಳಗೆ ಉಕ್ಕಿನ ಸರಳುಗಳನ್ನು ಕೂರಿಸಿ ಧರೆಯನ್ನು ಬಿಗಿಯುವ ವಿಧಾನ) ಮಾಡಿಸಿದೆವು. ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನೀರಿನ ವಿಷಯದಲ್ಲಿ ಅವರಿಗಿದ್ದ ಎಚ್ಚರ. ಇಂಗಿದ ನೀರು ಹೊರಹೋಗಲು ದಾರಿಯಿಲ್ಲದೆ ಮಣ್ಣಿನ ಕಣಗಳ ನಡುವೆ ಒತ್ತಡ ಹೆಚ್ಚಿಸಿದಾಗ ಮಣ್ಣಿನ ಹಿಡಿತ ಸಡಿಲಗೊಳ್ಳುತ್ತದೆ, ಧರೆ ಕುಸಿಯುವುದು ಬಹುಮಟ್ಟಿಗೆ ಆಗಲೇ. ಇದನ್ನು ಬಲ್ಲವರಾದ್ದರಿಂದ ಅವರು ಅಳತೆಗೆ ತೊಡಗುವ ಮೊದಲೇ ಒರತೆ ಎಲ್ಲೆಲ್ಲಿದೆ, ಧರೆಯ ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ ಎಂಬುದನ್ನು ಗುರುತು ಹಾಕಿಕೊಂಡರು.

ಬುಡದಲ್ಲಿ ಜಾಗ ಸಾಲದ ಕಾರಣ ಗೇಬಿಯನ್ ಗೋಡೆ (ತಂತಿಬಲೆಯ ಪೆಟ್ಟಿಗೆಗಳಲ್ಲಿ ಕಲ್ಲು ತುಂಬಿ ಕಟ್ಟುವ ಗೋಡೆ) ಬೇಡವೆಂದರು. ಲಾವಂಚ ನೆಟ್ಟರೆ ಮೇಲ್ಮಣ್ಣಿನ ಸವಕಳಿ ತಪ್ಪೀತೇ ಹೊರತು ಆಳದ ಜಾರಿಕೆ ನಿಲ್ಲದು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಕೆಲಸ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಸಾಗಿತು. ಸುಮಾರು 15 ಡಿಗ್ರಿ ಕೆಳಮುಖವಾಗಿ ರಂಧ್ರ ಕೊರೆದು, ಉಕ್ಕಿನ ಸರಳು ನಟ್ಟನಡುವೆ ನಿಲ್ಲುವಂತೆ ಸೆಂಟ್ರಲೈಸರ್ ತೊಡಿಸಿ, ಕೊಳವೆಯನ್ನು ರಂಧ್ರದ ತುದಿಯವರೆಗೆ ತೂರಿಸಿ, ಸಿಮೆಂಟ್ ಗ್ರೌಟನ್ನು (ನೀರಿನಲ್ಲಿ ಕಲಸಿದ ತೆಳು ಸಿಮೆಂಟ್) ಒಳಗಿನಿಂದ ಹೊರಕ್ಕೆ ತುಂಬುತ್ತ ಬಂದರು. ರಂಧ್ರದ ಬಾಯಿಯಿಂದ ಸುರಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಸರಳು ಸಡಿಲವಾಗಿಯೇ ಉಳಿಯುತ್ತದೆ, ಶಾಟ್‌ಕ್ರೀಟ್ (ಒತ್ತಡದಿಂದ ಸಿಂಪಡಿಸುವ ಕಾಂಕ್ರೀಟ್) ಮುಚ್ಚಿದ ಮೇಲೆ ಆ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ಪರೀಕ್ಷೆಗೆಂದೇ ಹಾಕಿದ ಸರಳನ್ನು ಜ್ಯಾಕ್‌ನಿಂದ ಎಳೆದು, ಅದು ಎಷ್ಟು ಸರಿಯಿತೆಂಬುದನ್ನು ಡಯಲ್ ಗೇಜ್‌ನಲ್ಲಿ ನಮಗೂ ತೋರಿಸಿದರು.

ಶಾಟ್‌ಕ್ರೀಟ್ ಹಿಂದೆ ನೀರು ಬಸಿಯುವ ಪಟ್ಟಿಗಳನ್ನು ಇಳಿಬಿಟ್ಟು, ಒರತೆಯಿದ್ದ ಕಡೆ ತೂತುಳ್ಳ ಪಿವಿಸಿ ಕೊಳವೆಗಳನ್ನು ಹೊರಕ್ಕೆ ತುಸು ಇಳಿಜಾರಾಗಿ ಕೂರಿಸಿದ್ದಾರೆ. ಜೋರು ಮಳೆಯ ಮರುದಿನ ಆ ಕೊಳವೆಗಳಿಂದ ನೀರು ಧಾರಾಳವಾಗಿ ಹರಿಯುತ್ತಿತ್ತು. ಅದು ತಿಳಿಯಾಗಿದ್ದುದೇ ಮುಖ್ಯ, ಏಕೆಂದರೆ ಕೆಸರು ಬಂದಿದ್ದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದು ಭಯಪಡಬೇಕಾಗುತ್ತಿತ್ತು.

ಕೊರತೆ ಕಂಡದ್ದು ನೆತ್ತಿಯ ಚರಂಡಿಯಲ್ಲಿ. ಅದರ ಕೊನೆಯನ್ನು ಬರಿ ಮಣ್ಣಿನ ಮೇಲೆ ಬಿಟ್ಟುಹೋಗಿದ್ದರಿಂದ ಅಲ್ಲಿ ಹೊಸ ಕೊರಕಲು ಶುರುವಾಯಿತು. ನಾವು ಪಟ್ಟುಹಿಡಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಾಲುವೆ ಕಟ್ಟಿ ಬುಡದವರೆಗೆ ತಂದರು. ಇಷ್ಟು ಬಲ್ಲವರು ಇದನ್ನು ತಾವಾಗಿಯೇ ಮಾಡಬೇಕಿತ್ತು. ಕೊಳವೆಗಳನ್ನು ಯಾವಾಗ, ಹೇಗೆ ಶುಚಿಗೊಳಿಸಬೇಕೆಂಬ ಸೂಚನೆಯನ್ನೂ ಬರೆದು ಕೊಡಲಿಲ್ಲ.

ಸಡಿಲ ಮರಳು, ಮೆತ್ತನೆಯ ಜೇಡಿಮಣ್ಣು ಇರುವಲ್ಲಿ ಈ ವಿಧಾನ ಸರಿಹೋಗದು. ಗಟ್ಟಿ ಮಣ್ಣಿನ ಕಡಿದಾದ ಧರೆಯಿದ್ದವರು ಈ ಸೇವೆಯನ್ನು ಧೈರ್ಯವಾಗಿ ಪಡೆಯಬಹುದು. ಆದರೆ ಎಳೆತದ ಪರೀಕ್ಷೆ, ಚರಂಡಿಯ ಕೊನೆ, ಕೊಳವೆಗಳ ನಿರ್ವಹಣೆ ಈ ಮೂರನ್ನೂ ಕರಾರಿನಲ್ಲೇ ಬರೆಸಿಕೊಳ್ಳಬೇಕು.