ಪದವೀಧರರಿಗೆ ‘ನಾಲ್ಕೇ ವರ್ಷದಲ್ಲಿ ಡಾಕ್ಟರ್’ ಎನ್ನುವವರ ಬಗ್ಗೆ ಎಚ್ಚರಿಕೆ

ಬಿ.ಎಸ್ಸಿ. ಅಥವಾ ಎಂ.ಎಸ್ಸಿ. ಓದಿದ ಮೇಲೂ ವೈದ್ಯರಾಗಬೇಕೆಂಬ ಆಸೆಯನ್ನು ಬಿಡದವರು ನಮ್ಮ ಮಂಗಳೂರು, ಉಡುಪಿ ಕಡೆ ಬಹಳ ಮಂದಿ ಇದ್ದಾರೆ. ಅಂಥವರನ್ನೇ ಹುಡುಕಿ ಕರೆ ಮಾಡುವ ಕನ್ಸಲ್ಟೆನ್ಸಿಗಳೂ ಇವೆ. ‘ನಿಮಗೆ ಈಗಾಗಲೇ ಪದವಿ ಇದೆ, ಆದ್ದರಿಂದ ಫಿಲಿಪ್ಪೀನ್ಸ್‌ನಲ್ಲಿ ನೇರವಾಗಿ ಎಂ.ಡಿ.ಗೆ (ಅಲ್ಲಿ ವೈದ್ಯಕೀಯದ ಮೊದಲ ಪದವಿಯ ಹೆಸರೇ ಎಂ.ಡಿ.) ಸೇರಬಹುದು, ನಾಲ್ಕು ವರ್ಷ ಮುಗಿಸಿ ಊರಿಗೆ ಬಂದು ಪರೀಕ್ಷೆ ಬರೆದರೆ ಇಲ್ಲೇ ಪ್ರಾಕ್ಟೀಸ್ ಮಾಡಬಹುದು’ ಎಂಬ ಮಾತನ್ನು ಯಾರಾದರೂ ನಿಮಗೆ ಹೇಳಿದರೆ, ದಯವಿಟ್ಟು ಒಂದು ರೂಪಾಯಿಯನ್ನೂ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ಅದೇ ಮಾತನ್ನು ಕೇಳಿ ನಮ್ಮ ಮನೆಯವರು ಮುಂಗಡ ಕಟ್ಟಿದರು. ಹಣ ಇಂದಿಗೂ ಹಿಂದಕ್ಕೆ ಬಂದಿಲ್ಲ.

ನಾನು ಕೊಣಾಜೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಈ ಕರೆ ಬಂತು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಆ ವರ್ಷವೇ ನೀಟ್ ಬರೆದು ಅರ್ಹತೆ ಪಡೆದಿದ್ದೆ, ಆದರೆ ಸರ್ಕಾರಿ ಸೀಟು ಸಿಗುವಷ್ಟು ಅಂಕ ಇರಲಿಲ್ಲ. ಡೀಮ್ಡ್ ಕಾಲೇಜುಗಳ ಶುಲ್ಕ ನಮ್ಮಂಥವರ ಕೈಗೆಟುಕುವಂಥದ್ದಲ್ಲ. ಹೀಗೆ ಬಿ.ಎಸ್ಸಿ.ಗೆ ಸೇರಿದ ಸಾವಿರಾರು ಮಕ್ಕಳಲ್ಲಿ ನಾನೂ ಒಬ್ಬಳು. ನನ್ನ ಹೆಸರು, ದೂರವಾಣಿ ಸಂಖ್ಯೆ, ಪಿಯುಸಿ ಅಂಕಗಳು ಅವರ ಬಳಿ ಮೊದಲೇ ಇದ್ದವು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನಗರದ ನಡುವೆ ಇದ್ದ ಆ ಕಚೇರಿಯಲ್ಲಿ ಕೌನ್ಸೆಲರ್ ಎಂದು ಪರಿಚಯಿಸಿಕೊಂಡವರು ಒಂದು ಬಿಳಿ ಹಾಳೆ ತೆಗೆದುಕೊಂಡು ನನ್ನ ತಂದೆಯ ಮುಂದಿಟ್ಟು ಲೆಕ್ಕ ಬರೆದರು. ಬಿ.ಎಸ್ಸಿ. ಮೂರು ವರ್ಷ, ಎಂ.ಡಿ. ನಾಲ್ಕು ವರ್ಷ, ಒಟ್ಟು ಏಳು ವರ್ಷ, ಅಂದರೆ 84 ತಿಂಗಳು. ಅದರ ಕೆಳಗೆ ‘ನಿಯಮ: 54 ತಿಂಗಳು’ ಎಂದು ಬರೆದು, 84ರ ಸುತ್ತ ಕೆಂಪು ಪೆನ್ನಿನಿಂದ ಎರಡು ಬಾರಿ ವೃತ್ತ ಎಳೆದರು. ‘ನಿಯಮ ಕೇಳುವುದಕ್ಕಿಂತ 30 ತಿಂಗಳು ಜಾಸ್ತಿಯೇ ಇದೆ ಸಾರ್’ ಎಂದರು. ನಿಯಮವನ್ನು ಮುಚ್ಚಿಡದೆ ತಾವಾಗಿಯೇ ಎತ್ತಿ ಹೇಳಿದ್ದರಿಂದ ತಂದೆಗೆ ನಂಬಿಕೆ ಬಂತು. ಆ ವಾರವೇ ಸಹಕಾರಿ ಸಂಘದಲ್ಲಿ ಚಿನ್ನ ಅಡವಿಟ್ಟು ಮುಂಗಡ ಕಟ್ಟಿದರು.

ಆ ಹಾಳೆಯ ಲೆಕ್ಕ ಏಕೆ ಸುಳ್ಳು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಡೀ ವ್ಯಾಪಾರ ನಿಂತಿರುವುದು ಅದರ ಮೇಲೆ. ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆ ಇಲ್ಲಿ ವೈದ್ಯವೃತ್ತಿ ನಡೆಸಲು ಬೇಕಾದ ನೋಂದಣಿ ಕೊಡುವ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್ 18ರಂದು ನಿಯಮಾವಳಿ ಪ್ರಕಟಿಸಿತು. ಅದರ ಪ್ರಕಾರ ವೈದ್ಯಕೀಯ ಪದವಿಗೆ ಕಾರಣವಾಗುವ ಕೋರ್ಸ್ ಕನಿಷ್ಠ 54 ತಿಂಗಳು ಇರಬೇಕು, ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ವಿದೇಶಿ ಸಂಸ್ಥೆಯಲ್ಲಿ ಆಗಬೇಕು, ಕೋರ್ಸ್‌ನ ಯಾವ ಭಾಗವನ್ನೂ ಭಾರತದಲ್ಲಾಗಲಿ ಬೇರೊಂದು ದೇಶದಲ್ಲಾಗಲಿ ಮಾಡುವಂತಿಲ್ಲ, ಬೋಧನೆ ಇಂಗ್ಲಿಷ್ ಮಾಧ್ಯಮದಲ್ಲಿರಬೇಕು. ನಮ್ಮ ಎಂಬಿಬಿಎಸ್ ಕೂಡ ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಇಂಟರ್ನ್‌ಶಿಪ್ ಎಂಬುದನ್ನು ನೆನಪಿಸಿಕೊಂಡರೆ ಈ 54 ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಹಾಗಿರುವಾಗ ಮಂಗಳೂರಿನಲ್ಲಿ ಓದಿದ ಬಿ.ಎಸ್ಸಿ. ಫಿಲಿಪ್ಪೀನ್ಸ್‌ನ ವೈದ್ಯಕೀಯ ಕೋರ್ಸ್‌ನ ಭಾಗ ಹೇಗಾದೀತು? ಉಳಿಯುವುದು ನಾಲ್ಕು ವರ್ಷದ ಎಂ.ಡಿ. ಮಾತ್ರ. ಅದು 48 ತಿಂಗಳು.

ಅಮೆರಿಕದಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಪದವಿ ಮುಗಿಸಿದ ಮೇಲೆಯೇ ವೈದ್ಯಕೀಯ ಓದುವುದು ರೂಢಿ, ಆ ದೇಶಗಳಲ್ಲಿ ಆ ಎಂ.ಡಿ. ಪೂರ್ಣ ಮಾನ್ಯತೆಯ ಪದವಿಯೇ. ಕೌನ್ಸೆಲರ್ ಹೇಳಿದ ಈ ಮಾತು ನಿಜ. ಆದರೆ ನೀವು ನೋಂದಣಿ ಕೇಳಬೇಕಾಗಿರುವುದು ಭಾರತದಲ್ಲಿ, ಇಲ್ಲಿನ ಆಯೋಗ ನೋಡುವುದು ತನ್ನ ನಿಯಮವನ್ನು. ಅದೇ ನಿಯಮಾವಳಿಯಲ್ಲಿ ಇನ್ನೊಂದು ಷರತ್ತೂ ಇದೆ: ಪದವಿ ಪಡೆದ ದೇಶದಲ್ಲಿ ಅಲ್ಲಿನ ಪ್ರಜೆಗಳಿಗೆ ಸಿಗುವ ಪರವಾನಗಿಗೆ ಸಮನಾಗಿ ನೀವು ವೈದ್ಯವೃತ್ತಿ ನಡೆಸಲು ಅರ್ಹರಾಗಿರಬೇಕು. ಫಿಲಿಪ್ಪೀನ್ಸ್‌ನ ಸಂವಿಧಾನವೋ, ಕಾನೂನು ವಿನಾಯಿತಿ ಕೊಟ್ಟ ಸಂದರ್ಭಗಳನ್ನು ಬಿಟ್ಟು, ವೃತ್ತಿ ನಡೆಸುವ ಹಕ್ಕನ್ನು ತನ್ನ ಪ್ರಜೆಗಳಿಗೆ ಮೀಸಲಿಟ್ಟಿದೆ. ಈ ಷರತ್ತಿನ ಬಗ್ಗೆ ಆ ಕಚೇರಿಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

ಎರಡನೆಯ ಸುಳ್ಳು ನೀಟ್ ಬಗ್ಗೆ. ‘ಒಮ್ಮೆ ಪಾಸಾದರೆ ಸಾಕು, ಮತ್ತೆ ಬರೆಯುವ ತಲೆನೋವು ಬೇಡ’ ಎಂದು ಅವರು ಹೇಳಿದ್ದರು. ವಿದೇಶದಲ್ಲಿ ವೈದ್ಯಕೀಯ ಓದಲು ನೀಟ್ ಅರ್ಹತೆ ಕಡ್ಡಾಯ, ಆ ಉದ್ದೇಶಕ್ಕೆ ಅದರ ಫಲಿತಾಂಶಕ್ಕಿರುವ ಆಯುಷ್ಯ ಮೂರು ವರ್ಷ. ಪಿಯುಸಿ ಮುಗಿಸಿ ಮೂರು ವರ್ಷ ಬಿ.ಎಸ್ಸಿ. ಓದಿ ಎಂ.ಎಸ್ಸಿ.ಗೆ ಸೇರಿದವರ ಹಳೆಯ ಅಂಕಪಟ್ಟಿ ಅಷ್ಟರಲ್ಲಿ ಅವಧಿ ಮೀರಿರುತ್ತದೆ. ಪದವೀಧರರೇ ಗಮನಿಸಬೇಕಾದ ಅಂಶ ಇದು, ಏಕೆಂದರೆ ಪಿಯುಸಿಯಿಂದ ನೇರ ಹೋಗುವವರಿಗೆ ಈ ತೊಡಕು ಬರುವುದೇ ಇಲ್ಲ. ಅವರ ಮಾತು ಕೇಳಿ ಆ ವರ್ಷ ನಾನು ನೀಟ್‌ಗೆ ಅರ್ಜಿ ಹಾಕಲಿಲ್ಲ. ಕಳೆದುಹೋದ ಆ ವರ್ಷವನ್ನು ಯಾವ ನ್ಯಾಯಾಲಯವೂ ಹಿಂದಿರುಗಿಸಲಾರದು.

ಮೂರನೆಯದು ಗೋಡೆಯ ಮೇಲೆ ತೂಗುಹಾಕಿದ್ದ ಚಿತ್ರಗಳು. ಬಿಳಿ ಕೋಟು ತೊಟ್ಟ ಯುವಕ ಯುವತಿಯರು, ಕೆಳಗೆ ಅವರ ನೋಂದಣಿ ಪ್ರಮಾಣಪತ್ರದ ನಕಲು. ಅವು ನಕಲಿ ಎಂದು ನಾನು ಹೇಳುತ್ತಿಲ್ಲ. 2021ರ ನಿಯಮಾವಳಿ ಅದು ಜಾರಿಗೆ ಬರುವ ಮೊದಲೇ ವಿದೇಶದಲ್ಲಿ ಸೇರಿದ್ದವರಿಗೆ ಅನ್ವಯಿಸುವುದಿಲ್ಲ. ಗೋಡೆಯ ಮೇಲಿದ್ದವರು ಹಳೆಯ ನಿಯಮದಡಿ ಓದಿದವರು. ಅವರನ್ನು ತೋರಿಸಿ ಇಂದಿನ ಮಕ್ಕಳಿಂದ ಹಣ ಪಡೆಯುವುದು ಕಣ್ಣಿಗೆ ಮಣ್ಣೆರಚುವ ಕೆಲಸ. ಯಾರನ್ನಾದರೂ ಉದಾಹರಣೆಯಾಗಿ ತೋರಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಅವರು ಯಾವ ವರ್ಷ ಸೇರಿದರು ಎಂಬುದು.

ನಿಯಮಾವಳಿಯನ್ನು ಓದಿ ಮುಗಿಸಿದ ಮೇಲೆ ನಾನು ಕೇಳಿದ್ದು ಬಹಳ ಸರಳ: ಈ ಕೋರ್ಸ್ ಮುಗಿಸಿದರೆ ಭಾರತದಲ್ಲಿ ನೋಂದಣಿಗೆ ಅರ್ಹತೆ ಸಿಗುತ್ತದೆ ಎಂದು ನಿಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಹಾಕಿ ಕೊಡಿ. ಅಲ್ಲಿಯವರೆಗೆ ‘ತಂಗಿ, ತಂಗಿ’ ಎನ್ನುತ್ತಿದ್ದವರ ದನಿ ಆ ಕ್ಷಣಕ್ಕೆ ಬದಲಾಯಿತು. ಬರೆದುಕೊಡುವ ಪದ್ಧತಿ ಇಲ್ಲ ಎಂದರು. ಹಣ ವಾಪಸ್ ಕೇಳಿದಾಗ ರಶೀದಿ ತೆಗೆದು ನೋಡಲು ಹೇಳಿದರು. ಪ್ರವೇಶಕ್ಕೆಂದು ನಾವು ಕೊಟ್ಟ ಹಣಕ್ಕೆ ‘ಮಾರ್ಗದರ್ಶನ ಸೇವಾ ಶುಲ್ಕ’ ಎಂದು ರಶೀದಿ ಬರೆದು, ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಯಾವ ಕಾರಣಕ್ಕೂ ಮರುಪಾವತಿ ಇಲ್ಲ’ ಎಂದು ಅಚ್ಚು ಹಾಕಿಸಿದ್ದರು. ಅದಕ್ಕಿಂತ ದೊಡ್ಡ ಪೇಚು ಎಂದರೆ, ವೀಸಾ ಕೆಲಸಕ್ಕೆ ಬೇಕು ಎಂದು ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎಸ್ಸಿ. ಮೂಲ ಅಂಕಪಟ್ಟಿಗಳನ್ನು ಅವರು ಮೊದಲೇ ಇರಿಸಿಕೊಂಡಿದ್ದರು. ಬಾಕಿ ಕಂತು ಕಟ್ಟಿದರೆ ಮಾತ್ರ ಅವು ಸಿಗುತ್ತವೆ ಎಂಬ ಉತ್ತರ ಬಂತು. ಮೂಲ ದಾಖಲೆಗಳನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಪರಿಶೀಲನೆಗೆ ದೃಢೀಕೃತ ಪ್ರತಿ ಸಾಕು.

ವಕೀಲರ ನೋಟಿಸ್ ಹೋದ ಮೇಲೆ ಅಂಕಪಟ್ಟಿಗಳು ಬಂದವು, ಜೊತೆಗೆ ಒಂದು ಹೊಸ ಆಮಿಷವೂ ಬಂತು. ಮುಂಗಡವನ್ನು ಹೊಂದಿಸಿಕೊಂಡು, ವಿಜ್ಞಾನ ಪದವಿ ಇರುವ ಕಾರಣ ಇಲ್ಲೇ ಕರಾವಳಿಯ ಡೀಮ್ಡ್ ಕಾಲೇಜೊಂದರಲ್ಲಿ ಎಂಬಿಬಿಎಸ್ ಎರಡನೇ ವರ್ಷಕ್ಕೆ ‘ಲ್ಯಾಟರಲ್ ಎಂಟ್ರಿ’ ಮಾಡಿಸುತ್ತೇವೆ ಎಂದರು. ಡಿಪ್ಲೊಮಾದವರು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುವುದನ್ನು ಕಂಡವರಿಗೆ ಇದು ನಂಬುವಂತೆ ಕೇಳಿಸುತ್ತದೆ. ಎಂಬಿಬಿಎಸ್‌ನಲ್ಲಿ ಅಂಥ ವ್ಯವಸ್ಥೆಯೇ ಇಲ್ಲ. ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ಕಾಲೇಜುಗಳಿರಲಿ, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೋಯ ಕಾಲೇಜುಗಳಿರಲಿ, ಡೀಮ್ಡ್ ವಿಶ್ವವಿದ್ಯಾಲಯಗಳ ಎಂಬಿಬಿಎಸ್ ಸೀಟು ಹಂಚಿಕೆಯಾಗುವುದು ವೈದ್ಯಕೀಯ ಸಮಾಲೋಚನಾ ಸಮಿತಿ, ಅಂದರೆ ಎಂಸಿಸಿ ನಡೆಸುವ ಆನ್‌ಲೈನ್ ಕೌನ್ಸೆಲಿಂಗ್ ಮೂಲಕ, ನೀಟ್ ರ‍್ಯಾಂಕ್ ಆಧಾರದ ಮೇಲೆ. ರಾಜ್ಯದ ಸರ್ಕಾರಿ ಕಾಲೇಜುಗಳ ರಾಜ್ಯ ಕೋಟಾ ಮತ್ತು ಇತರ ಖಾಸಗಿ ಕಾಲೇಜುಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಕೌನ್ಸೆಲಿಂಗ್‌ನ ಹೊರಗೆ ಸೀಟು ಕೊಡಿಸುತ್ತೇನೆ ಎನ್ನುವವರ ಕೈಯಲ್ಲಿ ಕೊಡಲು ಏನೂ ಇರುವುದಿಲ್ಲ.

ಪದವೀಧರರಿಗೆ ಎಂಬಿಬಿಎಸ್ ಓದುವ ದಾರಿ ಮುಚ್ಚಿಲ್ಲ, ಪ್ರತ್ಯೇಕ ದಾರಿ ಇಲ್ಲ ಅಷ್ಟೇ. ನೀಟ್‌ಗೆ ಕನಿಷ್ಠ ವಯಸ್ಸು 17, ಗರಿಷ್ಠ ವಯಸ್ಸಿನ ಮಿತಿಯನ್ನು ತೆಗೆದುಹಾಕಲಾಗಿದೆ, ಎಷ್ಟು ಸಲ ಬರೆಯಬಹುದು ಎಂಬುದಕ್ಕೂ ಮಿತಿ ಇಲ್ಲ. 720 ಅಂಕಗಳ ಆ ಪರೀಕ್ಷೆಯಲ್ಲಿ ಪಿಯುಸಿ ವಿದ್ಯಾರ್ಥಿಗಳ ಜೊತೆಯಲ್ಲೇ ಕೂರಬೇಕು, ಮೊದಲ ವರ್ಷದಿಂದಲೇ ಓದಬೇಕು, ಎಂ.ಎಸ್ಸಿ. ಪದವಿಗೆ ಯಾವ ರಿಯಾಯಿತಿಯೂ ಇಲ್ಲ. ವಿದೇಶಕ್ಕೆ ಹೋಗುವುದೇ ಆದರೂ 54 ತಿಂಗಳು ಮತ್ತು 12 ತಿಂಗಳ ಷರತ್ತನ್ನು ಪೂರೈಸುವ ಕೋರ್ಸನ್ನೇ ಹುಡುಕಬೇಕು, ಮರಳಿ ಬಂದು ಎಫ್‌ಎಂಜಿಇ, ಅಂದರೆ ವಿದೇಶದಲ್ಲಿ ವೈದ್ಯಕೀಯ ಓದಿದವರಿಗಾಗಿ ಇಲ್ಲಿ ನಡೆಸುವ 300 ಪ್ರಶ್ನೆಗಳ ಪರೀಕ್ಷೆಯಲ್ಲಿ 150 ಅಂಕ ಗಳಿಸಬೇಕು. ಕೋರ್ಸೇ ನಿಯಮಕ್ಕೆ ಹೊಂದದಿದ್ದರೆ ಎಷ್ಟೇ ಚೆನ್ನಾಗಿ ಓದಿದವರಿಗೂ ಇಲ್ಲಿ ನೋಂದಣಿಯ ಬಾಗಿಲು ತೆರೆಯುವುದಿಲ್ಲ. ನಾನು ಈ ಸಲ ನೀಟ್‌ಗೆ ಓದುತ್ತಿದ್ದೇನೆ.

ಈಗಾಗಲೇ ಹಣ ಕಟ್ಟಿ ಸಿಕ್ಕಿಹಾಕಿಕೊಂಡವರು ದಯವಿಟ್ಟು ನಾಚಿಕೆಯಿಂದ ಸುಮ್ಮನಿರಬೇಡಿ. ಮರುಪಾವತಿ ಇಲ್ಲ ಎಂದು ರಶೀದಿಯ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ನಿಮ್ಮ ಹಕ್ಕು ಹೋಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು, ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಮೊದಲ ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ನಮ್ಮ ದೂರು ವಿಚಾರಣೆಯಲ್ಲಿದೆ. ಆ ಬಿಳಿ ಹಾಳೆಯನ್ನು ತಂದೆ ಅಂದು ಮಡಿಚಿ ಜೇಬಿಗಿಟ್ಟುಕೊಂಡು ಬಂದಿದ್ದರಿಂದ, ಅವರು ಏನು ಹೇಳಿ ಹಣ ಪಡೆದರು ಎಂಬುದಕ್ಕೆ ಅವರದೇ ಕೈಬರಹದ ಸಾಕ್ಷಿ ನಮ್ಮಲ್ಲಿದೆ. ನಿಮ್ಮ ಬಳಿಯೂ ರಶೀದಿ, ವಾಟ್ಸಾಪ್ ಸಂದೇಶ, ಕರಪತ್ರ, ಬ್ಯಾಂಕ್ ವರ್ಗಾವಣೆಯ ವಿವರ ಏನಿದ್ದರೂ ಅಳಿಸದೆ ಇಟ್ಟುಕೊಳ್ಳಿ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ‘ಮುಂದಿನ ತಿಂಗಳು ಕೊಡುತ್ತೇವೆ’ ಎಂಬ ಮಾತಿಗೆ ಕಾಯುತ್ತ ಆ ಗಡುವು ಮೀರದಂತೆ ನೋಡಿಕೊಳ್ಳಿ.