ನಾಣ್ಯದ ಲೆಕ್ಕಕ್ಕೆ ಸ್ಪ್ರೆಡ್‌ಶೀಟ್: ಏಳು ವರ್ಷ ಲೆಕ್ಕ ಇಟ್ಟ ಮೇಲೆ

ನನ್ನ ಹತ್ತಿರ ಈಗ 640 ನಾಣ್ಯ ಇವೆ. ಅವುಗಳ ಲೆಕ್ಕ ಇಡೋಕೆ ಏಳು ವರ್ಷದಲ್ಲಿ ಮೂರು ಆ್ಯಪ್ ಹಾಕಿಕೊಂಡೆ, ಮೂರನ್ನೂ ತೆಗೆದೆ. ಉಳಿದಿದ್ದು ಗೂಗಲ್ ಶೀಟ್ಸ್‌ನ ಒಂದು ಫೈಲು, ಜೊತೆಗೆ ನಾಣ್ಯಗಳ ವಿವರ ಕೊಡುವ ನ್ಯುಮಿಸ್ಟಾ ವೆಬ್‌ಸೈಟು. ಹುಬ್ಬಳ್ಳಿ-ಧಾರವಾಡದಲ್ಲಿ ಹಳೆ ರೊಕ್ಕ ಕೂಡಿಸುವ ಗೆಳೆಯರು ಸಿಕ್ಕಾಗಲೆಲ್ಲ "ಯಾವ ಆ್ಯಪ್ ಛಲೋ ಐತಿ?" ಅಂತ ಕೇಳ್ತಾರೆ. ನಿಂತಲ್ಲೇ ಹೇಳಿ ಮುಗಿಯೋ ಮಾತಲ್ಲ ಅದು, ಅದಕ್ಕೇ ಬರೆಯುತ್ತಿದ್ದೇನೆ.

2018ರ ದೀಪಾವಳಿಗೆ ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಅಟ್ಟ ಹಸನು ಮಾಡುವಾಗ ಆಯಿಯ, ಅಂದರೆ ಅಜ್ಜಿಯ, ಟ್ರಂಕು ಕೆಳಗಿಳಿಸಿದೆವು. ಸೀರೆಗಳ ಅಡಿಯಲ್ಲಿ ಹಳೆ ಇಳಕಲ್ ಸೀರೆಯ ಒಂದು ತುಂಡು, ಅದರಲ್ಲಿ ಗಂಟು ಕಟ್ಟಿದ 83 ನಾಣ್ಯ. ತೂತಿನ ದುಡ್ಡು, ಆನೆ ಇರೋ ತಾಮ್ರದ ಕಾಸು, ನಯೇ ಪೈಸೆ, ಐದು ಬೆಳ್ಳಿ ರೂಪಾಯಿ. ಅವತ್ತು ರಾತ್ರಿಯೇ ಫೋಟೋ ನೋಡಿ ನಾಣ್ಯ ಗುರುತಿಸುವ ಒಂದು ಆ್ಯಪ್ ಇಳಿಸಿಕೊಂಡೆ.

ಗುರುತಿಸುವ ಕೆಲಸದ ಮಟ್ಟಿಗೆ ಅದು ಚೆನ್ನಾಗಿತ್ತು. 1957ರ ನಯೇ ಪೈಸೆ, 1943ರ ತೂತಿನ ಪೈಸೆ ಎಲ್ಲ ತಟ್ಟನೆ ಹೇಳಿತು. ಸವೆದ ಆನೆ ಕಾಸಿಗೆ ಮಾತ್ರ ಪ್ರತಿ ಸಲ ಬೇರೆ ಬೇರೆ ದೇಶ ತೋರಿಸುತ್ತಿತ್ತು. ನಿಜವಾದ ಏಟು ಬಿದ್ದದ್ದು ಆಮೇಲೆ. ಒಂದೂವರೆ ವರ್ಷದಲ್ಲಿ 210 ನಾಣ್ಯ ತುಂಬಿಸಿದ್ದೆ, ಫೋನ್ ಬದಲಾಯಿಸಿದೆ, ಹೊಸ ಫೋನಿನಲ್ಲಿ ತೆರೆದರೆ ಪಟ್ಟಿ ಖಾಲಿ. ಬ್ಯಾಕಪ್ ಇರಲಿಲ್ಲ, ಎಕ್ಸ್‌ಪೋರ್ಟ್ ಮಾಡಬೇಕೆಂದರೆ ದುಡ್ಡು ಕಟ್ಟಬೇಕಿತ್ತು, ನಾನು ಕಟ್ಟಿರಲಿಲ್ಲ. ಇನ್ನೆರಡು ಆ್ಯಪ್‌ಗಳ ಕಥೆ ಹೇಳುವಂಥದ್ದೇನಿಲ್ಲ. ಹೊಸದಾಗಿ ಆ್ಯಪ್ ಹಾಕಿಕೊಳ್ಳುವವರು ಐದು ನಾಣ್ಯ ತುಂಬಿಸಿ, ಪಟ್ಟಿ ಹೊರಗೆ ತೆಗೆಯೋಕೆ ಬರುತ್ತಾ ಅಂತ ಮೊದಲು ನೋಡಿ, ಆಮೇಲೆ ಮುಂದುವರಿಯಿರಿ.

ಸ್ಪ್ರೆಡ್‌ಶೀಟ್ ಶುರು ಮಾಡಿದಾಗ ಮಾಡಿದ ಒಂದೇ ಒಳ್ಳೆ ಕೆಲಸ ಅಂದರೆ ಪ್ರತಿ ನಾಣ್ಯಕ್ಕೂ ಒಂದು ನಂಬರ್ ಕೊಟ್ಟಿದ್ದು. 001ರಿಂದ ಶುರು. ಅದೇ ನಂಬರ್ ನಾಣ್ಯ ಇಡುವ ರಟ್ಟಿನ ಹೋಲ್ಡರಿನ ಮೇಲೆ, ಅದೇ ನಂಬರ್ ಫೋಟೋ ಫೈಲಿಗೆ. ನಾಣ್ಯ ಕೊಟ್ಟುಬಿಟ್ಟರೂ ಆ ನಂಬರ್ ಇನ್ನೊಂದಕ್ಕೆ ಹಾಕಲ್ಲ. ಕಪಾಟಿನಿಂದ ಒಂದು ಹೋಲ್ಡರ್ ತೆಗೆದರೆ ಅದರ ಸಾಲು ಹತ್ತು ಸೆಕೆಂಡಿನಲ್ಲಿ ಸಿಗುತ್ತದೆ.

ಉಳಿದಿದ್ದೆಲ್ಲ ತಪ್ಪು ಮಾಡಿ ಕಲಿತದ್ದು. ಬ್ರಿಟಿಷರ ಕಾಲದ ಚಿಕ್ಕ ತಾಮ್ರದ ನಾಣ್ಯದ ಮೇಲೆ 1/12 ಆಣೆ ಅಂತ ಇರುತ್ತದೆ ನೋಡಿ, ಅಂದರೆ ಒಂದು ಪೈ, ರೂಪಾಯಿಗೆ 192. ಅದನ್ನು ಕಾಲಮ್ಮಿನಲ್ಲಿ 1/12 ಅಂತ ಹೊಡೆದೆ. ಸ್ಪ್ರೆಡ್‌ಶೀಟ್ ಅದನ್ನು ಡಿಸೆಂಬರ್ 1 ಅಂತ ತಿಳಿಯಿತು. 1/4 ಆಣೆ ಏಪ್ರಿಲ್ 1 ಆಯಿತು. ನಾನು ಗಮನಿಸದೇ ನಲವತ್ತು ಸಾಲು ತುಂಬಿಸಿದ್ದೆ. ಕಾಲಮ್ಮನ್ನು ಮೊದಲೇ ಪ್ಲೇನ್ ಟೆಕ್ಸ್ಟ್ (ಹೊಡೆದಿದ್ದನ್ನು ಹಾಗೇ ಇಡುವ ಬಗೆ) ಮಾಡಿಟ್ಟರೆ ಈ ತಾಪತ್ರಯ ಇಲ್ಲ. ನಂಬರಿನ ಕಾಲಮ್ಮಿಗೂ ಅದೇ ಮಾತು, ಇಲ್ಲದಿದ್ದರೆ 001 ಬರೀ 1 ಆಗಿಬಿಡುತ್ತದೆ.

ಕನ್ನಡದಲ್ಲಿ ತುಂಬಿಸುವವರಿಗೆ ಇನ್ನೊಂದು ಮಾತು. ನಾನು ಒಂದು ಕಡೆ ಪೈಸೆ, ಒಂದು ಕಡೆ ಪೈಸಾ, ಮತ್ತೊಂದು ಕಡೆ ಪೈ. ಅಂತ ಬರೆದಿದ್ದೆ. ಫಿಲ್ಟರ್ ಹಾಕಿದರೆ ಮೂರೂ ಬೇರೆ ಬೇರೆ. ಈಗ ಡ್ರಾಪ್‌ಡೌನ್ ಮಾಡಿಟ್ಟಿದ್ದೇನೆ, ಅದರಿಂದ ಆರಿಸುವುದಷ್ಟೇ ಕೆಲಸ. ಲೋಹ, ಟಂಕಸಾಲೆ, ಸ್ಥಿತಿ, ಈ ಮೂರಕ್ಕೂ ಹಾಗೇ ಮಾಡಿದ್ದೇನೆ.

ಟಂಕಸಾಲೆಯ ಕಾಲಮ್ಮು ಮೊದಲ ವರ್ಷ ಇರಲೇ ಇಲ್ಲ. ಅದರಿಂದ ಆದ ನಷ್ಟ ಇವತ್ತಿಗೂ ಬೇಜಾರು. ನಮ್ಮ ನಾಣ್ಯಗಳಲ್ಲಿ ಸಾಮಾನ್ಯವಾಗಿ ಇಸವಿಯ ಕೆಳಗೆ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡನೆ ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. 1985ರ ದೊಡ್ಡ ಒಂದು ರೂಪಾಯಿ ನನ್ನ ಹತ್ತಿರ ಮೂರು ಇದ್ದವು. ಶೀಟಿನಲ್ಲಿ ಮೂರೂ ಒಂದೇ ಥರ ಕಾಣುತ್ತಿದ್ದವು, ಹಾಗಾಗಿ ಎರಡನ್ನು ಡೂಪ್ಲಿಕೇಟ್ ಅಂತ ಓಣಿಯ ಒಬ್ಬ ಹುಡುಗನಿಗೆ ಕೊಟ್ಟೆ. ಕೊಡುವ ಮೊದಲು ತೆಗೆದ ಫೋಟೋವನ್ನು ಎಷ್ಟೋ ದಿನದ ಮೇಲೆ ದೊಡ್ಡದು ಮಾಡಿ ನೋಡಿದರೆ, ಒಂದರ ಇಸವಿಯ ಕೆಳಗೆ ಸಣ್ಣದಾಗಿ ಇಂಗ್ಲಿಷ್ ಎಚ್ ಅಕ್ಷರ. ಆ ವರ್ಷ ಒಂದಷ್ಟು ರೂಪಾಯಿ ಇಂಗ್ಲೆಂಡಿನಲ್ಲಿ ಅಚ್ಚಾಗಿ ಬಂದಿದ್ದವು, ಎಚ್ ಅಂದರೆ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆ. ಬೆಲೆ ಜಾಸ್ತಿ ಅಂತಲ್ಲ. ನಮ್ಮ ರೂಪಾಯಿ ಅಷ್ಟು ದೂರದಿಂದ ಹಡಗಿನಲ್ಲಿ ಬಂದು ನಮ್ಮ ಮನೆ ಸೇರಿತ್ತು, ಅದು ನನಗೆ ಗೊತ್ತೇ ಇರಲಿಲ್ಲವಲ್ಲ ಅಂತ. ಹುಡುಗನ ಹತ್ತಿರ ವಾಪಸ್ ಕೇಳಲಿಲ್ಲ. ಅದರ ವಿಷಯ ಹೇಳಿಬಂದೆ, ಅವನೂ ಈಗ ಭೂತಗನ್ನಡಿ ಇಟ್ಟುಕೊಂಡಿದ್ದಾನೆ.

ಇಸವಿಗೆ ಎರಡು ಕಾಲಮ್ಮು ಬೇಕು. ಒಂದರಲ್ಲಿ ನಾಣ್ಯದ ಮೇಲೆ ಏನಿದೆಯೋ ಅದು, ಇನ್ನೊಂದರಲ್ಲಿ ನಮ್ಮ ಲೆಕ್ಕದ ಇಸವಿ. ನಮ್ಮ ಕಡೆ ನಿಜಾಮರ ಚಾರ್‌ಮಿನಾರ್ ನಾಣ್ಯ ಬೇಕಾದಷ್ಟು ಸಿಗುತ್ತವೆ, ಅವುಗಳ ಮೇಲೆ ಹಿಜ್ರಿ ವರ್ಷ ಇರುತ್ತದೆ. 0.97ರಿಂದ ಗುಣಿಸಿ 622 ಕೂಡಿಸಿದರೆ ಹತ್ತಿರದ ಇಸವಿ ಬರುತ್ತದೆ, 1330 ಅಂದರೆ ಸುಮಾರು 1912. ಇದನ್ನು ಫಾರ್ಮುಲಾ ಮಾಡಿ ಕೂರಿಸಿದ್ದೇನೆ. ಆಯಿಯ ಗಂಟಿನ ಆನೆ ಕಾಸು ಟಿಪ್ಪುವಿನದು, ಅದಕ್ಕೆ ಈ ಫಾರ್ಮುಲಾ ನಡೆಯಲ್ಲ. ಟಿಪ್ಪು ಮೌಲೂದಿ ಅನ್ನುವ ಬೇರೆ ಶಕೆ ತಂದಿದ್ದ, 1215 ಅಂದರೆ 1787-88, ಅಂಕಿಗಳನ್ನು ಬೇರೆ ಬಲದಿಂದ ಎಡಕ್ಕೆ ಓದಬೇಕು. ಅವನ ಕಾಲದಲ್ಲಿ ನಮ್ಮ ಧಾರವಾಡದಲ್ಲೂ ಟಂಕಸಾಲೆ ಇತ್ತು, ನಾಣ್ಯದ ಮೇಲೆ ಊರಿನ ಹೆಸರು ಖುರ್ಷಿದ್ ಸವಾದ್. 1791ರಲ್ಲಿ ಕೋಟೆ ಅವನ ಕೈತಪ್ಪಿತು. ನನ್ನ ಕಾಸಿನ ಹಿಂಭಾಗ ಪೂರ್ತಿ ಸವೆದಿದೆ, ಎಷ್ಟು ಬೆಳಕು ಹಿಡಿದರೂ ಅಕ್ಷರ ಕಾಣಲ್ಲ. ಟಂಕಸಾಲೆಯ ಕಾಲಮ್ಮಿನಲ್ಲಿ "ಓದಲು ಬರುವುದಿಲ್ಲ" ಅಂತ ಬರೆದಿದ್ದೇನೆ. ಆಸೆಗೆ ಬಿದ್ದು ಧಾರವಾಡ ಅಂತ ಬರೆಯಬಾರದು ಅಲ್ವಾ.

ತೂಕದ ಕಾಲಮ್ಮು ಎಲ್ಲರೂ ಇಡಿ. 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಸಾಕು. ವಿಕ್ಟೋರಿಯಾ ರಾಣಿಯ ರೂಪಾಯಿ 11.66 ಗ್ರಾಂ ಇರಬೇಕು, ಸವೆದಿದ್ದರೆ ಸ್ವಲ್ಪ ಕಡಿಮೆ. ಸಂತೆಯಲ್ಲಿ ಕೊಂಡ ಒಂದು 9.8 ಬಂತು. ಹೊಳಪು ಚೆನ್ನಾಗಿತ್ತು, ಅಕ್ಷರ ಮಾತ್ರ ಮೊಂಡು. ನಕಲಿ.

ಬೆಲೆಯ ಕಾಲಮ್ಮಿನಲ್ಲಿ ನಾನು ಕೊಟ್ಟ ದುಡ್ಡು ಮಾತ್ರ ಬರೆಯುತ್ತೇನೆ. ಆ್ಯಪ್‌ಗಳು ಇವತ್ತಿನ ಬೆಲೆ ಇಷ್ಟು ಅಂತ ತೋರಿಸೋದನ್ನ ನಂಬಿ ಲೆಕ್ಕ ಕೂಡಿಸಬೇಡಿ. ಹಳೆ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಟ್ಟಿ ಅಂತ ಫೋನ್ ಬರುತ್ತವೆ, ಅದು ಮೋಸ. 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ನ್ಯುಮಿಸ್ಟಾ ನನಗೆ ಪಂಚಾಂಗ ಇದ್ದ ಹಾಗೆ. ಲೋಹ, ವ್ಯಾಸ, ಯಾವ ವರ್ಷ ಯಾವ ಟಂಕಸಾಲೆ, ಎಲ್ಲ ಅಲ್ಲಿ ನೋಡಿ, ಆ ನಾಣ್ಯಕ್ಕೆ ನ್ಯುಮಿಸ್ಟಾ ಕೊಟ್ಟ ನಂಬರನ್ನೂ ಶೀಟಿಗೆ ಹಾಕಿಕೊಳ್ಳುತ್ತೇನೆ. ನನ್ನ ಸಂಗ್ರಹದ ಪಟ್ಟಿಯನ್ನು ಅಲ್ಲಿಂದ ಇಳಿಸಿಕೊಳ್ಳಲೂ ಬರುತ್ತದೆ. ಆದರೆ ಅದಕ್ಕೆ ಗೊತ್ತಿರೋದು ಆ ಜಾತಿಯ ನಾಣ್ಯ. ನಮ್ಮ ಮನೆಯ ಈ ನಾಣ್ಯ ಅದಕ್ಕೆ ಗೊತ್ತಿಲ್ಲ, ಯಾವ ಆ್ಯಪ್‌ಗೂ ಗೊತ್ತಿಲ್ಲ. ಅದನ್ನು ನಾವೇ ಬರೆಯಬೇಕು.

ಶೀಟ್ಸ್‌ನಲ್ಲಿ ನನ್ನನ್ನು ಉಳಿಸಿದ್ದು ವರ್ಷನ್ ಹಿಸ್ಟರಿ, ಅಂದರೆ ಫೈಲಿನ ಹಳೆ ಪ್ರತಿಗಳು ತಾವೇ ಉಳಿದಿರುವ ವ್ಯವಸ್ಥೆ. ಅಕ್ಕನ ಮಗ ಸಹಾಯ ಮಾಡಲು ಕೂತವನು ಇಸವಿಯ ಒಂದೇ ಕಾಲಮ್ಮನ್ನು ಸಾರ್ಟ್ ಮಾಡಿಬಿಟ್ಟ. ಇಸವಿ ಒಂದು ಕಡೆ, ನಾಣ್ಯ ಒಂದು ಕಡೆ. ಹಿಂದಿನ ದಿನದ ಪ್ರತಿ ತೆಗೆದು ಸರಿ ಮಾಡಿದೆ. ಆದರೂ ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಒಂದು ಪ್ರತಿ ಹಾಕುತ್ತೇನೆ. ಬೇರೆಯವರಿಗೆ ತೋರಿಸುವ ಪಟ್ಟಿಯೇ ಬೇರೆ, ಅದರಲ್ಲಿ ಬೆಲೆ ಇರಲ್ಲ, ಎಲ್ಲಿ ಇಟ್ಟಿದ್ದೇನೆ ಅನ್ನೋದೂ ಇರಲ್ಲ.

ಕೊನೆಯ ಕಾಲಮ್ಮಿನ ಹೆಸರು "ಬಂದ ದಾರಿ". ಇದನ್ನು ನಾಲ್ಕನೇ ವರ್ಷ ಸೇರಿಸಿದೆ, ಮೊದಲೇ ಸೇರಿಸಬೇಕಿತ್ತು. ನಮ್ಮಲ್ಲಿ ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿ ಇಡುತ್ತೇವೆ. ಮುಂಚೆ ಅರಿಷಿಣ ಕುಂಕುಮ ಹಚ್ಚಿ, ಮರುದಿನ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ತಿಕ್ಕಿದರೆ ಸವೆಯುತ್ತವೆ ಅಂತ ಹೇಳಿದ ಮೇಲೆ ಈಗ ಹೋಲ್ಡರ್ ಸಮೇತ ಇಡುತ್ತಾಳೆ, ಕುಂಕುಮ ಹೋಲ್ಡರಿನ ಮೇಲೆ. ಕಳೆದ ಸಲ 014ನ್ನು ಕೈಯಲ್ಲಿ ಹಿಡಿದು ನೋಡುತ್ತಾ ಕೂತಿದ್ದಳು. 1944ರ ಆರನೇ ಜಾರ್ಜ್ ರೂಪಾಯಿ, ಅರ್ಧದಷ್ಟೇ ಬೆಳ್ಳಿ.

"ಇದು ನಿಮ್ಮ ಅಜ್ಜ ಗದಗಿನ್ಯಾಗ ಹತ್ತಿ ಮಾರಿ ಬಂದಾಗ ಆಯಿ ಕೈಯಾಗ ಕೊಟ್ಟಿದ್ದಪಾ. ಖರ್ಚು ಮಾಡಬ್ಯಾಡ ಅಂದಿದ್ರಂತ. ಮುಂದ ಎಂಥಾ ಬರಗಾಲ ಬಂದ್ರೂ ಆಯಿ ಇದನ್ನ ಮುರಿಸಲಿಲ್ಲ."

ಊದಿನಕಡ್ಡಿ ಇನ್ನೂ ಉರಿಯುತ್ತಿತ್ತು, ಅಲ್ಲೇ ಫೋನ್ ತೆಗೆದು ಅವಳು ಹೇಳಿದ ಹಾಗೇ 014ರ ಸಾಲಿನಲ್ಲಿ ಬರೆದುಕೊಂಡೆ. ಬೆಳ್ಳಿಯ ಉಳಿದ ನಾಲ್ಕರಲ್ಲಿ ಎರಡರದ್ದು ಅವ್ವನಿಗೂ ನೆನಪಿಲ್ಲ. ಗದಗಿನ ದೊಡ್ಡವ್ವನಿಗೆ ಗೊತ್ತಿರಬಹುದು ಅಂದಳು. ಬರುವ ಭಾನುವಾರ ಅವೆರಡನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ.