ಅಗರಬತ್ತಿ ಕಾರ್ಟನ್ ಕೋಡಿಂಗ್‌ಗೆ ಫ್ರಿಕ್ಷನ್ ಫೀಡರ್: ಮೈಸೂರಿನಲ್ಲಿ ಕೆಲವು ಮಳೆಗಾಲ ದಾಟಿದ ಮೇಲಿನ ವಿಮರ್ಶೆ

ಮೇಜಿನ ಮೇಲೆ ಕೂರುವ, ಸಿಂಗಲ್ ಫೇಸ್‌ನಲ್ಲಿ ಓಡುವ ದೇಶೀ ತಯಾರಿಕೆಯ ಫ್ರಿಕ್ಷನ್ ಫೀಡರ್ ಇದು. ಪೇಸ್ಟಿಂಗ್ ಮುಗಿದು ಚಪ್ಪಟೆಯಾಗಿ ಬಂದ ಅಗರಬತ್ತಿ ಕಾರ್ಟನ್‌ಗಳನ್ನು ಅಡಿಯಿಂದ ಒಂದೊಂದಾಗಿ ಎಳೆದು ಕನ್ವೇಯರ್‌ಗೆ ಬಿಡುತ್ತದೆ. ಮೇಲೆ ಕೂರಿಸಿದ ಇಂಕ್‌ಜೆಟ್ ತಲೆ ಬ್ಯಾಚ್ ನಂಬರ್, ತಯಾರಾದ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಯೂನಿಟ್ ಸೇಲ್ ಪ್ರೈಸ್ (ಒಂದು ಗ್ರಾಂಗೆ ಅಥವಾ ಒಂದು ಕಡ್ಡಿಗೆ ಬೀಳುವ ಬೆಲೆ) ಹೊಡೆಯುತ್ತದೆ. ಮೈಸೂರಿನ ಅಗರಬತ್ತಿ ಘಟಕಗಳಿಗೆ ಇಂಥ ಮಷಿನ್ ಯಾಕೆ ಬೇಕು ಎಂದರೆ, ಒಂದೇ ದಿನ ನಾಲ್ಕಾರು ಪರಿಮಳ, ಎರಡು ಮೂರು ಅಳತೆಯ ಡಬ್ಬ, ಪ್ರತಿಯೊಂದಕ್ಕೂ ಬೇರೆ ಬ್ಯಾಚ್. ಪ್ರೆಸ್‌ನಲ್ಲೇ ಬೆಲೆ ಮುದ್ರಿಸಿಕೊಂಡು ಬಂದರೆ ಬೆಲೆ ಬದಲಾದ ದಿನ ಗೋಡೌನ್ ತುಂಬ ಕಾರ್ಟನ್ ದಂಡ. ಕೈಯಲ್ಲಿ ಸೀಲ್ ಹೊಡೆದರೆ ಅಕ್ಷರ ಓರೆ, ಮಸಿ ಕದಡುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಮಷಿನ್ ಒಳ್ಳೆಯದು, ಇನ್ನೊಮ್ಮೆ ಕೊಳ್ಳಬೇಕಾದರೂ ಇದೇ ಬಗೆಯದನ್ನು ಕೊಳ್ಳುತ್ತೇವೆ. ಆದರೆ ಕ್ಯಾಟಲಾಗ್‌ನಲ್ಲಿ ದಪ್ಪಕ್ಷರದಲ್ಲಿ ಇರುವ ವೇಗದ ಲೆಕ್ಕ ನೋಡಿ ಕೊಳ್ಳಬೇಡಿ. ಕಾರ್ಟನ್ ಬೇರ್ಪಡಿಸುವ ಸೆಪರೇಟರ್ ಹೇಗಿದೆ, ಅದನ್ನು ಎಷ್ಟು ಸೂಕ್ಷ್ಮವಾಗಿ ಹೊಂದಿಸಬಹುದು ಎಂಬುದನ್ನು ಕೈಯಲ್ಲಿ ಮುಟ್ಟಿ ನೋಡಿ ಕೊಳ್ಳಿ.

ವೇಗದ ಲೆಕ್ಕ ಹೀಗಿದೆ. ಬೆಲ್ಟ್ ನಿಮಿಷಕ್ಕೆ 40 ಮೀಟರ್ ಓಡುತ್ತಿದೆ, ಕಾರ್ಟನ್ 230 ಮಿ.ಮೀ ಉದ್ದ, 100 ಮಿ.ಮೀ ಅಗಲ, ನಡುವಿನ ಅಂತರ 60 ಮಿ.ಮೀ ಎಂದಿಟ್ಟುಕೊಳ್ಳಿ. ಅಡ್ಡಡ್ಡಲಾಗಿ ಬಿಟ್ಟರೆ ನಿಮಿಷಕ್ಕೆ 250, ಉದ್ದುದ್ದಕ್ಕೆ ಬಿಟ್ಟರೆ 138. ಕಾಗದದ ಮೇಲೆ 250 ಚೆಂದ ಕಾಣುತ್ತದೆ. ಆದರೆ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಡ್ಯೂಪ್ಲೆಕ್ಸ್ ಬೋರ್ಡಿನ ಮಡಿಚಿದ ಕಾರ್ಟನ್ ಸುಮಾರು 0.8 ಮಿ.ಮೀ ದಪ್ಪ, 100 ಮಿ.ಮೀ ಅಟ್ಟಿಯಲ್ಲಿ ಹೆಚ್ಚೆಂದರೆ 125 ಹಿಡಿಯುತ್ತದೆ. ಅಂದರೆ ಅರ್ಧ ನಿಮಿಷಕ್ಕೊಮ್ಮೆ ಅಟ್ಟಿ ಖಾಲಿ. ಬಂಡಲ್ ಬಿಚ್ಚಿ, ಬಿಡಿಸಿ, ತಟ್ಟಿ ಇಡುವವರ ಕೈ ಅಷ್ಟು ಬೇಗ ಓಡಬೇಕು. ನಮ್ಮಲ್ಲಿ ನಿಮಿಷಕ್ಕೆ 150ರಿಂದ 170ರ ಸುತ್ತ ಇಟ್ಟು ನಿಲ್ಲಿಸದೆ ಓಡಿಸಿದರೆ, 250ಕ್ಕೆ ಏರಿಸಿ ಆಗಾಗ ಜಾಮ್ ಬಿಡಿಸುವುದಕ್ಕಿಂತ ಸಂಜೆಯ ಹೊತ್ತಿಗೆ ಹೆಚ್ಚು ಡಬ್ಬ ಆಗಿರುತ್ತವೆ.

ಇನ್ನು ಮುಖ್ಯ ವಿಷಯ. ಫ್ರಿಕ್ಷನ್ ಫೀಡರ್ ಮೂರು ಘರ್ಷಣೆಗಳ ಮೇಲುಕೆಳಗಿನ ಕ್ರಮದ ಮೇಲೆ ನಿಂತಿದೆ. ಬೆಲ್ಟ್ ಮತ್ತು ಕಾರ್ಟನ್ ನಡುವಿನ ಹಿಡಿತ ಎಲ್ಲಕ್ಕಿಂತ ಹೆಚ್ಚಿರಬೇಕು. ಸೆಪರೇಟರ್ ಮತ್ತು ಕಾರ್ಟನ್ ನಡುವಿನದು ಅದಕ್ಕಿಂತ ಕಡಿಮೆ. ಕಾರ್ಟನ್ ಕಾರ್ಟನ್ ನಡುವಿನದು ಎಲ್ಲಕ್ಕಿಂತ ಕಡಿಮೆ. ಈ ಕ್ರಮ ಕೆಟ್ಟರೆ ಏನಾಗುತ್ತದೆ ಎಂಬುದನ್ನು ನೋಡಿಯೇ ಕಾಯಿಲೆ ಹೇಳಬಹುದು. ಬೆಲ್ಟ್ ತಿರುಗುತ್ತಿದೆ, ಕಾರ್ಟನ್ ಕದಲುತ್ತಿಲ್ಲ ಎಂದರೆ ಮೊದಲನೆಯದು ಬಿದ್ದಿದೆ. ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಡಬಲ್ ಹೋಗುತ್ತಿದೆ ಎಂದರೆ ಸೆಪರೇಟರ್ ಸವೆದಿದೆ, ಇಲ್ಲವೇ ಕಾರ್ಟನ್‌ಗಳೇ ಒಂದಕ್ಕೊಂದು ಅಂಟಿವೆ. ಸ್ಕ್ರೂ ತಿರುಗಿಸುವ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ. ಡಬಲ್ ಹೋದ ಕೂಡಲೇ ಗ್ಯಾಪ್ (ಸೆಪರೇಟರ್ ಮತ್ತು ಬೆಲ್ಟ್ ನಡುವಿನ ಸಂದು) ಬಿಗಿ ಮಾಡುವುದು ಎಲ್ಲ ಆಪರೇಟರ್‌ಗಳ ಅಭ್ಯಾಸ. ವಾರ್ನಿಷ್ ಹಸಿಯಿದ್ದು ಅಂಟಿಕೊಂಡ ಕಾರ್ಟನ್‌ಗೆ ಗ್ಯಾಪ್ ಬಿಗಿ ಮಾಡಿದರೆ ಅಂಚು ಹರಿಯುತ್ತದೆಯೇ ಹೊರತು ಬೇರೆಯಾಗುವುದಿಲ್ಲ.

ಗ್ಯಾಪ್ ಎಷ್ಟಿರಬೇಕು? ಬಿಡಿ ಹಾಳೆಗೆ ಒಂದೂವರೆ ಹಾಳೆಯ ದಪ್ಪ ಎನ್ನುವ ಲೆಕ್ಕ ಸಾಕು. ಪೇಸ್ಟ್ ಆದ ಕಾರ್ಟನ್‌ಗೆ ಅದು ನಡೆಯುವುದಿಲ್ಲ, ಯಾಕೆಂದರೆ ಕಾರ್ಟನ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಮಡಿಚಿದಾಗ ಬೋರ್ಡ್ ಎರಡು ಪದರ, ಗಮ್ ಹಾಕಿದ ಪಟ್ಟಿಯ ಜಾಗದಲ್ಲಿ ಮೂರು ಪದರ. 0.4 ಮಿ.ಮೀ ಬೋರ್ಡ್ ಎಂದರೆ ಬೇರೆಡೆ 0.8, ಪಟ್ಟಿಯ ಮೇಲೆ 1.2. ಅಡ್ಡಡ್ಡಲಾಗಿ ಬಿಟ್ಟಾಗ ಗಮ್ ಪಟ್ಟಿ ಪೂರ್ತಿ ಸೆಪರೇಟರ್ ಅಡಿಯಲ್ಲೇ ಹಾದುಹೋಗಬೇಕು, ಹಾಗಾಗಿ ಗ್ಯಾಪ್ 1.2ಕ್ಕಿಂತ ಹೆಚ್ಚಿರಬೇಕು. ಎರಡು ಕಾರ್ಟನ್ ಒಟ್ಟಿಗೆ ನುಗ್ಗಬಾರದು, ಆದ್ದರಿಂದ 1.6ಕ್ಕಿಂತ ಕಡಿಮೆ ಇರಬೇಕು. ನಿಮಗೆ ಉಳಿಯುವ ಜಾಗ 0.4 ಮಿ.ಮೀ, ಅಂದರೆ ಸರಿಯಾಗಿ ಒಂದು ಬೋರ್ಡಿನ ದಪ್ಪ. ಬೋರ್ಡ್ ತೆಳುವಾದಷ್ಟೂ ಈ ಜಾಗ ಕಿರಿದಾಗುತ್ತದೆ. ಖರ್ಚು ಉಳಿಸಲು ಬೋರ್ಡ್ ತೆಳು ಮಾಡಿದ ತಿಂಗಳು ಫೀಡರ್ ಹಠ ಹಿಡಿಯುವುದು ಇದಕ್ಕೇ. ನಾವು 300 ಜಿಎಸ್‌ಎಂಗೆ 1.3ರಲ್ಲಿ ಇಡುತ್ತೇವೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಹಾಕಿ ಅಳೆದು, ಆಮೇಲೆ ಕೈಯಲ್ಲಿ ಪರೀಕ್ಷೆ: ಒಂದು ಕಾರ್ಟನ್ ಸ್ವಲ್ಪ ಬಿಗಿಯಾಗಿ ಜಾರಬೇಕು, ಎರಡು ಸೇರಿಸಿ ತಳ್ಳಿದರೆ ಮೇಲಿನದು ನಿಲ್ಲಬೇಕು.

ಉದ್ದುದ್ದಕ್ಕೆ ಬಿಟ್ಟರೆ ಸೆಪರೇಟರ್ ಬೆರಳನ್ನು ಗಮ್ ಪಟ್ಟಿಯಿಂದ ಪಕ್ಕಕ್ಕೆ ಸರಿಸಿ ಎರಡು ಪದರದ ಜಾಗದಲ್ಲಿ ಕೂರಿಸಬಹುದು. ಆಗ 0.8ರಿಂದ 1.6ರವರೆಗೆ ಸಲೀಸಾದ ಜಾಗ ಸಿಗುತ್ತದೆ. ಆದರೆ ಅದಕ್ಕೆ ಬೇರೆ ಬೆಲೆ ತೆರಬೇಕು. ಒಂದು, ಡಬ್ಬದ ಬಾಯಿ ಮತ್ತು ಮುಚ್ಚಳದ ಕಿವಿ ಮುಂದಾಗಿ ಬರುತ್ತವೆ, ಸ್ವಲ್ಪ ಬಿಚ್ಚಿಕೊಂಡಿದ್ದರೂ ಸೆಪರೇಟರ್‌ಗೆ ಸಿಕ್ಕಿ ಮಡಚಿಕೊಳ್ಳುತ್ತವೆ. ಎರಡು, ಅಟ್ಟಿ ಪಕ್ಕಕ್ಕೆ ವಾಲುತ್ತದೆ. ನೂರು ಕಾರ್ಟನ್ ಪೇರಿಸಿದರೆ ಗಮ್ ಪಟ್ಟಿಯ ಬದಿ 120 ಮಿ.ಮೀ, ಇನ್ನೊಂದು ಬದಿ 80. ಭಾರವೆಲ್ಲ ಒಂದೇ ಬೆಲ್ಟ್ ಮೇಲೆ ಬಿದ್ದು ಕಾರ್ಟನ್ ಓರೆಯಾಗಿ ಹೊರಡುತ್ತದೆ, ಅಕ್ಷರವೂ ಓರೆ. ಚಪ್ಪಟೆ ಡಬ್ಬಗಳಲ್ಲಿ ಪಟ್ಟಿ ಒಂದು ಅಂಚಿನ ಹತ್ತಿರ ಇರುವುದರಿಂದ ಈ ಕಾಟ ಹೆಚ್ಚು. ಚೌಕ ಟ್ಯೂಬ್ ಡಬ್ಬದಲ್ಲಿ ಪಟ್ಟಿ ಹೆಚ್ಚುಕಡಿಮೆ ನಡುವಿಗೆ ಬರುತ್ತದೆ, ವಾಲುವುದು ಕಡಿಮೆ. ಆದ್ದರಿಂದ ನಮ್ಮ ಶಿಫಾರಸು: ಚಪ್ಪಟೆ ಡಬ್ಬವನ್ನು ಅಡ್ಡಡ್ಡಲಾಗಿ, ಮಡಿಕೆಯ ಅಂಚು ಮುಂದೆ, ಗಮ್ ಪಟ್ಟಿ ಹಿಂದೆ ಬರುವಂತೆ ಬಿಡಿ. ಪಟ್ಟಿ ಹಿಂದಿದ್ದರೆ ಅಟ್ಟಿಯ ಹಿಂಭಾಗ ತಾನೇ ಎತ್ತರವಾಗಿ ಕಾರ್ಟನ್‌ಗಳು ಗೇಟಿನ (ಅಟ್ಟಿಯ ಮುಂದಿನ, ಸೆಪರೇಟರ್ ಇರುವ ತಡೆಯ) ಕಡೆ ಜಾರುತ್ತವೆ, ಅಟ್ಟಿಯ ಹಿಂಭಾಗ ಎತ್ತಿ ಹಿಡಿಯುವ ಆಸರೆ ತುಂಡನ್ನು ಆ ಮಟ್ಟಿಗೆ ತಗ್ಗಿಸಬೇಕು. ಸ್ಪ್ರಿಂಗ್ ಮೇಲೆ ಕೂತ ಸೆಪರೇಟರ್ ಇದ್ದರೆ ಪಟ್ಟಿ ಹಾದುಹೋಗುವಾಗ ತುಸು ಏಳುತ್ತದೆ. ಗಟ್ಟಿ ಸ್ಕ್ರೂವಿನ ಸೆಪರೇಟರ್ ಮಾತ್ರ ಇರುವ ಅಗ್ಗದ ಮಾದರಿಯನ್ನು ಪೇಸ್ಟ್ ಆದ ಕಾರ್ಟನ್‌ಗೆ ಕೊಳ್ಳಲೇಬೇಡಿ.

ಅಟ್ಟಿ ಇಡುವುದೂ ಒಂದು ವಿದ್ಯೆ. ಬಂಡಲ್ ಬಿಚ್ಚಿ, ಇಸ್ಪೀಟ್ ಎಲೆ ಬಿಡಿಸಿದ ಹಾಗೆ ಎರಡೂ ತುದಿಯಿಂದ ಬಿಡಿಸಿ ಗಾಳಿ ಆಡಿಸಿ. ಗಮ್ ಹೊರಚೆಲ್ಲಿ ಅಂಟಿದ್ದು, ಪಂಚಿಂಗ್‌ನಲ್ಲಿ ಉಳಿದ ಚಿಕ್ಕ ಚೂರುಗಳು ಒಂದರೊಳಗೊಂದು ಸಿಕ್ಕಿದ್ದು ಆಗಲೇ ಗೊತ್ತಾಗುತ್ತದೆ. ರಬ್ಬರ್ ಬ್ಯಾಂಡ್ ಬಿಗಿದ ಬಂಡಲ್‌ನ ಮೇಲಿನದು ಮತ್ತು ಕೆಳಗಿನದು ಅಂಚು ಬಾಗಿರುತ್ತವೆ, ಅವನ್ನು ತೆಗೆದಿಟ್ಟು ಕೊನೆಗೆ ಕೈಯಲ್ಲಿ ಸೀಲ್ ಹೊಡೆಯಿರಿ. ಮೊದಲ ಹತ್ತು ಹನ್ನೆರಡು ಕಾರ್ಟನ್‌ಗಳನ್ನು ಗೇಟಿನ ಬಾಗಿಗೆ ಹೊಂದುವಂತೆ ಮೆಟ್ಟಿಲು ಮೆಟ್ಟಿಲಾಗಿ ಜಾರಿಸಿ ಇಟ್ಟು, ಅದರ ಮೇಲೆ ಉಳಿದದ್ದನ್ನು ಪೇರಿಸಿ. ನೆಟ್ಟಗೆ ಗೋಡೆಯ ಹಾಗೆ ಇಟ್ಟರೆ ಕೆಳಗಿನ ಮೂರು ನಾಲ್ಕು ಒಟ್ಟಿಗೇ ಗೇಟಿಗೆ ಗುದ್ದುತ್ತವೆ. ಪಕ್ಕದ ಗೈಡ್‌ಗಳಿಗೆ ಎರಡೂ ಕಡೆ ಒಂದೊಂದು ಮಿ.ಮೀ ಬಿಡುವು ಇರಲಿ. ಅಟ್ಟಿ 100 ಮಿ.ಮೀ ದಾಟಿದರೆ ಭಾರಕ್ಕೆ ಡಬಲ್, 20 ಮಿ.ಮೀಗಿಂತ ಇಳಿದರೆ ಹಿಡಿತ ಸಾಲದೆ ಖಾಲಿ ಹೊಡೆತ.

ಮೈಸೂರಿನ ಹವೆಯಲ್ಲಿ ಇದರ ಕಷ್ಟಕಾಲ ಗೌರಿ ಗಣೇಶದಿಂದ ದೀಪಾವಳಿವರೆಗೆ. ಅಗರಬತ್ತಿಗೆ ಬೇಡಿಕೆ ಏರುವುದೂ ಆಗಲೇ, ಮಳೆಗೆ ಬೋರ್ಡ್ ತೇವ ಹೀರುವುದೂ ಆಗಲೇ. ಲ್ಯಾಮಿನೇಷನ್ ಇರುವ ಕಾರ್ಟನ್‌ನಲ್ಲಿ ಒಳಮೈ ಮಾತ್ರ ತೇವ ಹೀರಿ ಹಿಗ್ಗುತ್ತದೆ, ಹೊರಗಿನ ಪ್ಲಾಸ್ಟಿಕ್ ಪದರ ಹಿಗ್ಗುವುದಿಲ್ಲ. ಫಲಕ ಹೊರಕ್ಕೆ ಸುರುಳಿಯಾಗಿ ಡಬ್ಬದ ಬಾಯಿ ತೆರೆದುಕೊಳ್ಳುತ್ತದೆ. ಕಾರ್ಟನ್ ಕಟ್ಟನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಪ್ಲಾಸ್ಟಿಕ್ ಸುತ್ತಿದಂತೆಯೇ ಇಟ್ಟು, ಮಷಿನ್ ಇರುವ ಕೋಣೆಗೆ ಹಿಂದಿನ ದಿನವೇ ತಂದಿಟ್ಟು, ಆಯಾ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಬಿಚ್ಚಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕೆ ತಿರುಗುಮುರುಗು. ಒಣಗಾಳಿಗೆ ಲ್ಯಾಮಿನೇಟ್ ಕಾರ್ಟನ್‌ಗಳು ಸ್ಟ್ಯಾಟಿಕ್‌ನಿಂದ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಮಷಿನ್ ಚೌಕಟ್ಟಿಗೆ ಸರಿಯಾದ ಅರ್ಥಿಂಗ್, ಗೇಟಿನ ಬಳಿ ಆಂಟಿಸ್ಟ್ಯಾಟಿಕ್ ಬ್ರಷ್, ಇವೆರಡರಿಂದ ಬಹುಪಾಲು ಸರಿಹೋಗುತ್ತದೆ.

ಫೀಡ್ ಬೆಲ್ಟ್ ಮೆತ್ತನೆಯ ರಬ್ಬರ್, ಸವೆಯುವುದೇ ಅದರ ಕೆಲಸ. ಸವೆತಕ್ಕಿಂತ ಮೊದಲು ಅದನ್ನು ಕೆಡಿಸುವುದು ಮೂರು: ಹಸಿ ಮುದ್ರಣ ಒಂದಕ್ಕೊಂದು ಅಂಟದಿರಲು ಆಫ್‌ಸೆಟ್ ಪ್ರೆಸ್‌ನಲ್ಲಿ ಎರಚುವ ಸ್ಪ್ರೇ ಪೌಡರ್, ಬೋರ್ಡಿನ ದೂಳು, ಅಗರಬತ್ತಿ ಸುಗಂಧದ ಎಣ್ಣೆ. ಕೊನೆಯದನ್ನು ಮಾರುವವರು ಯಾರೂ ಹೇಳುವುದಿಲ್ಲ. ಸುಗಂಧವನ್ನು ತೆಳು ಮಾಡಲು ಬಳಸುವ ಡಿಇಪಿ (ಡೈಇಥೈಲ್ ಥ್ಯಾಲೇಟ್) ಪ್ಲಾಸ್ಟಿಕ್ ಮೆತ್ತಗಾಗಿಸಲು ಬಳಸುವ ದ್ರವವೇ. ಸೆಂಟ್ ಅದ್ದಿದ ಕೈಯಲ್ಲೇ ಕಾರ್ಟನ್ ಮುಟ್ಟಿದರೆ ಬೆಲ್ಟ್ ಮೇಲೆ ಜಿಡ್ಡು ಕೂತು ಹಿಡಿತ ಹೋಗುತ್ತದೆ, ಇಂಕ್ ಕೂಡ ಆ ಜಾಗದಲ್ಲಿ ಒಣಗುವುದಿಲ್ಲ. ಫೀಡರ್ ಅನ್ನು ಡಿಪ್ಪಿಂಗ್ ಕೋಣೆಯಿಂದ ಬೇರೆ ಕೋಣೆಯಲ್ಲೇ ಇಡಿ. ಮಂಡ್ಯ ಕಡೆ ಬೆಲ್ಲದ ಪುಡಿಯ ಡಬ್ಬಕ್ಕೆ ಇದೇ ಮಷಿನ್ ಬಳಸುವವರು ಎಣ್ಣೆಯ ಜಾಗಕ್ಕೆ ಬೆಲ್ಲದ ದೂಳು ಎಂದು ಓದಿಕೊಳ್ಳಿ: ತೇವ ಹೀರಿ ರೋಲರ್ ಮೇಲೆ ಪಾಕದಂತೆ ಅಂಟುತ್ತದೆ, ಪ್ಯಾಕಿಂಗ್ ಮೇಜಿನ ಪಕ್ಕ ಇದನ್ನು ಇಡಬೇಡಿ.

ಪ್ರತಿ ಪಾಳಿಯ ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಬೆಲ್ಟ್ ಒರೆಸಿ. ಥಿನ್ನರ್, ಪೆಟ್ರೋಲ್ ತಾಗಿಸಲೇಬಾರದು, ರಬ್ಬರ್ ಊದಿ ಬಿರುಕು ಬಿಡುತ್ತದೆ. ಬೆಲ್ಟ್ ಹೊಳೆಯಲು ಶುರುವಾದರೆ ಹಿಡಿತ ಸತ್ತಿದೆ ಎಂದರ್ಥ. ಬದಲಿಸುವಾಗ ಸೆಟ್ ಪೂರ್ತಿ ಬದಲಿಸಿ: ಹಳೆಯದು ಒಂದು, ಹೊಸದು ಒಂದು ಇದ್ದರೆ ಎಳೆತ ಏರುಪೇರಾಗಿ ಕಾರ್ಟನ್ ತಿರುಗುತ್ತದೆ. ಚಕ್ರದ ರೂಪದ ಸೆಪರೇಟರ್ ಆದರೆ ಸವೆದ ಮುಖವನ್ನು ಸ್ವಲ್ಪ ತಿರುಗಿಸಿ ಬಿಗಿದರೆ ಹೊಸ ಮುಖ ಸಿಗುತ್ತದೆ. ಒಂದು ಚಕ್ರ ಹೀಗೆ ಬಹಳ ಕಾಲ ಬರುತ್ತದೆ.

ಡಬಲ್ ಹಿಡಿಯುವ ಸೆನ್ಸರ್ ಬಗ್ಗೆ ಒಂದು ಎಚ್ಚರಿಕೆ. ಅಲ್ಟ್ರಾಸಾನಿಕ್ ಸೆನ್ಸರ್ ಬಿಡಿ ಹಾಳೆಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಎರಡು ಹಾಳೆಯ ನಡುವಿನ ಗಾಳಿಯ ಪದರದಲ್ಲಿ ಶಬ್ದ ಕುಗ್ಗುವುದನ್ನು ಅದು ಗುರುತಿಸುತ್ತದೆ. ಮಡಿಚಿದ ಕಾರ್ಟನ್ ಒಂದೇ ಇದ್ದರೂ ಅದರೊಳಗೇ ಗಾಳಿಯ ಪದರ ಇದೆ! ಒಂದನ್ನೇ ಎರಡೆಂದು ಹೇಳುತ್ತದೆ. ದಪ್ಪ ಅಳೆಯುವ ಸೆನ್ಸರ್ ಕೇಳಿ ಪಡೆಯಿರಿ.

ಇಂಕ್ ಬದಿ ಸುಲಭ. ಕಾರ್ಟ್ರಿಡ್ಜ್ 42 ಮಿ.ಲೀ, ಒಂದು ತಲೆಯ ಮುದ್ರಣ ಎತ್ತರ 12.7 ಮಿ.ಮೀ, ಅಷ್ಟರಲ್ಲಿ ನಾಲ್ಕು ಸಾಲು ಹಿಡಿಸಬಹುದು. ತಲೆ ಕಾರ್ಟನ್‌ನಿಂದ 1ರಿಂದ 2 ಮಿ.ಮೀ ದೂರ. ಹೆಚ್ಚಿದರೆ ಅಕ್ಷರದ ಅಂಚು ಮಬ್ಬು. ಯುವಿ ಕೋಟಿಂಗ್ (ಮುದ್ರಣದ ಮೇಲಿನ ಹೊಳಪಿನ ಲೇಪ) ಅಥವಾ ಲ್ಯಾಮಿನೇಷನ್ ಮೇಲೆ ನೀರಿನ ಇಂಕ್ ಒಣಗುವುದಿಲ್ಲ. ಸಾಲ್ವೆಂಟ್ ಇಂಕ್ ಬೇಕು, ಅದನ್ನು ತೆರೆದಿಟ್ಟರೆ ನಳಿಕೆ ಬೇಗ ಒಣಗುತ್ತದೆ, ಊಟಕ್ಕೆ ಎದ್ದರೂ ಕ್ಯಾಪ್ ಹಾಕಿ. ಯುವಿ ಕಾರ್ಟನ್ ಆದರೆ ಕೋಡಿಂಗ್ ಜಾಗಕ್ಕೆ ಕೋಟಿಂಗ್ ಹಾಕಬೇಡಿ ಎಂದು ಪ್ರೆಸ್‌ಗೆ ಮೊದಲೇ ಡ್ರಾಯಿಂಗ್‌ನಲ್ಲಿ ಗುರುತಿಸಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು.

ಕೊರತೆಗಳೂ ಇವೆ. ಕಡುಬಣ್ಣದ, ಕೋಟಿಂಗ್ ಇಲ್ಲದ ಮುದ್ರಣದ ಮೇಲೆ ಸೆಪರೇಟರ್ ಗೆರೆ ಎಳೆಯುತ್ತದೆ. ಅಂಥ ಉಡುಗೊರೆ ಡಬ್ಬಗಳಿಗೆ ಗಾಳಿ ಹೀರಿ ಹಿಡಿಯುವ ವ್ಯಾಕ್ಯೂಮ್ ಫೀಡರ್ ಬೇಕು, ಇದು ಸಲ್ಲದು. ಗ್ಯಾಪ್ ಸ್ಕ್ರೂಗೆ ಅಳತೆಯ ಗುರುತುಗಳಿಲ್ಲ, ಪ್ರತಿ ಡಬ್ಬಕ್ಕೂ ಹೊಸದಾಗಿ ಹೊಂದಿಸಬೇಕು. ಡಬ್ಬದ ಅಳತೆಗೊಂದು ಶೀಟ್ ಬರೆದು, ಗ್ಯಾಪ್, ಆಸರೆ ತುಂಡಿನ ಜಾಗ, ಗೈಡ್ ಅಂತರ, ಬೆಲ್ಟ್ ವೇಗ ನಮೂದಿಸಿ ಮಷಿನ್‌ಗೇ ಅಂಟಿಸಿಟ್ಟರೆ ಬದಲಾವಣೆ ಕೆಲವೇ ನಿಮಿಷದ ಕೆಲಸ. ಹಳೆಯ ಶೆಡ್‌ಗಳಲ್ಲಿ ವೋಲ್ಟೇಜ್ ಇಳಿದಾಗ ಮೋಟರ್ ನಿಧಾನವಾಗುತ್ತದೆ, ಬೆಲ್ಟಿನ ವೇಗವನ್ನು ಇಂಕ್ ತಲೆಗೆ ತಿಳಿಸುವ ಎನ್‌ಕೋಡರ್ ಇಲ್ಲದಿದ್ದರೆ ಅಕ್ಷರ ಒತ್ತೊತ್ತಾಗುತ್ತದೆ. ಎನ್‌ಕೋಡರ್ ಹಾಕಿಸಿ, ಸ್ಟೆಬಿಲೈಸರ್ ಇಡಿ.

ಕೊಳ್ಳುವ ಮುನ್ನ ನಿಮ್ಮದೇ ಕಾರ್ಟನ್ ಐದು ನೂರು, ಅದರಲ್ಲಿ ಅತಿ ತೆಳು ಬೋರ್ಡಿನದೂ ಸೇರಿ, ಮಾರುವವರ ಕಡೆ ತೆಗೆದುಕೊಂಡು ಹೋಗಿ. ಅವರ ಮಾದರಿ ಕಾರ್ಟನ್ ಮೇಲೆ ತೋರಿಸುವ ಪ್ರದರ್ಶನ ಏನನ್ನೂ ಹೇಳುವುದಿಲ್ಲ. ಬಿಲ್ಲಿನಲ್ಲೇ ಒಂದು ಸೆಟ್ ಫೀಡ್ ಬೆಲ್ಟ್, ಎರಡು ಸೆಪರೇಟರ್, ಒಂದು ಟೈಮಿಂಗ್ ಬೆಲ್ಟ್, ಒಂದು ಫೋಟೊ ಸೆನ್ಸರ್ ಸೇರಿಸಿಕೊಳ್ಳಿ, ಬೆಲ್ಟಿನ ಉದ್ದ, ಅಗಲ, ದಪ್ಪವನ್ನು ಬರೆಸಿಕೊಳ್ಳಿ. ಆ ಅಳತೆ ಕೈಯಲ್ಲಿದ್ದರೆ ದಸರಾ ಆರ್ಡರ್ ನಡುವೆ ಬೆಲ್ಟ್ ಹೋದರೂ ಬೇರೆ ಕಡೆಯಿಂದ ತರಿಸಬಹುದು.